ಲಾಬಿ ಟ್ಯಾಂಕಿನ ನಿವಾಸಿ ಆಸ್ಕರ್ ಅವರಿಗೆ ಬಹಿರಂಗ ಪತ್ರ

ಮಾನ್ಯರೆ,

ಈ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನಾನು ತಮ್ಮ ಗಮನಕ್ಕೆ ತರುವುದೇನೆಂದರೆ, ತಮ್ಮ ಮೇಲೆ ದೂರು ಬಂದಿದೆ. ಶನಿವಾರ ಸಂಜೆ ಸಂಘದ ಖರ್ಚಿನಲ್ಲಿ ತಂದು ತಮ್ಮ ಟ್ಯಾಂಕಿಗೆ ಬಿಟ್ಟಿದ್ದ ಒಂದು ಡಜನ್ ನಿಯಾನ್ ಟೆಟ್ರಾಗಳು ಭಾನುವಾರ ಹಾಲಿನವನು ಬರುವಷ್ಟರಲ್ಲಿ ಕಾಣೆಯಾಗಿವೆ. ಸೆಕ್ಯುರಿಟಿಯವರನ್ನು ವಿಚಾರಿಸಲಾಗಿ, ರಾತ್ರಿ ಯಾರೂ ಒಳಗೆ ಬಂದಿಲ್ಲ, ಯಾರೂ ಹೊರಗೆ ಹೋಗಿಲ್ಲ ಎಂದು ರಿಜಿಸ್ಟರ್ ತೋರಿಸಿದ್ದಾರೆ. ಸಿಸಿಟಿವಿಯಲ್ಲಿ ತಾವು ಬಾಯಾಡಿಸುತ್ತಿರುವುದಷ್ಟೇ ಕಾಣಿಸುತ್ತದೆ. ಅದು ಸಾಕ್ಷ್ಯವಾಗುವುದಿಲ್ಲ, ತಾವು ಯಾವಾಗಲೂ ಬಾಯಾಡಿಸುತ್ತಲೇ ಇರುತ್ತೀರಿ.

ಪತ್ರದ ಒಂದು ಪ್ರತಿಯನ್ನು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೂ ಅಂಟಿಸಿದ್ದೇನೆ. ತಾವು ಓದುವುದಿಲ್ಲವೆಂದು ಗೊತ್ತು. ಉಳಿದವರೂ ಓದುವುದಿಲ್ಲ. ಆದರೂ ಬರೆದಿಡುವುದು ಕಾರ್ಯದರ್ಶಿಯ ಕರ್ಮ.

ತಮಗೆ ಜೊತೆ ಬೇಕೆಂದು ಹೊಳೆದದ್ದು ಯಾರಿಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಲಾಬಿಯಲ್ಲಿ ಯಾರು ನಡೆದುಹೋದರೂ ತಾವು ಗಾಜಿನ ಹತ್ತಿರ ಧಾವಿಸಿ ಬಂದು, ಮೈ ಬಳುಕಿಸಿ, ಕಣ್ಣು ಹೊರಳಿಸಿ ನೋಡುತ್ತೀರಿ. ಅದನ್ನು ಕಂಡ ನಾಲ್ಕನೇ ಮಹಡಿಯ ಅಜ್ಜಿ, "ಪಾಪ, ಒಂಟಿ ಜೀವ ಕಣ್ರೀ, ಮಾತಾಡೋಕೆ ಒಬ್ರಾದ್ರೂ ಬೇಡ್ವಾ" ಅಂದರು. ಆ ತಿಂಗಳ ಸಭೆಯಲ್ಲಿ ಲಿಫ್ಟ್ ರಿಪೇರಿಯ ಲೆಕ್ಕ ಇತ್ಯರ್ಥವಾಗದೆ ಎಲ್ಲರ ಮುಖವೂ ಗಂಟಿಕ್ಕಿತ್ತು. ಜಗಳವಾಡದೆ ಒಪ್ಪಬಹುದಾದ ನಿರ್ಣಯವೊಂದು ತುರ್ತಾಗಿ ಬೇಕಿತ್ತು. ತಮಗೆ ಸಹವಾಸಿಗಳನ್ನು ಒದಗಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ತಾವು ಓಡಿ ಬರುವುದು ಊಟ ಹಾಕುವವರ ಆಕಾರ ಗುರುತಿಟ್ಟುಕೊಂಡು, ಹೊಟ್ಟೆಯ ಆಸೆಯಿಂದ ಎಂದು ಮೀನು ಸಾಕಿ ಬಲ್ಲ ಒಬ್ಬರು ಹೇಳಿದರು. ಆ ಮಾತು ನಡಾವಳಿ ಪುಸ್ತಕಕ್ಕೆ ಏರಲಿಲ್ಲ. ಜೊತೆ ಬೇಕೇ ಎಂದು ತಮ್ಮನ್ನು ಕೇಳುವ ವಿಧಾನ ಸಂಘದ ಬೈಲಾದಲ್ಲಿ ಇಲ್ಲ.

ತಮ್ಮ ಪೂರ್ವಾಪರವನ್ನೂ ದಾಖಲೆಗಾಗಿ ನಮೂದಿಸಬೇಕು. ಪುಣೆಗೆ ವರ್ಗವಾಗಿ ಹೋದ ಬಾಡಿಗೆದಾರರೊಬ್ಬರು ಮಗನ ಹುಟ್ಟುಹಬ್ಬಕ್ಕೆ ತಂದ ಮೀನು ತಾವು. ಆಗ ಹೆಬ್ಬೆರಳಿನ ಉದ್ದ, ಕಪ್ಪು ಮೈಮೇಲೆ ಕಿತ್ತಳೆ ಗೀರುಗಳು, ಬೆಲೆ ಒಂದು ಮಸಾಲೆದೋಸೆಯ ಆಚೀಚೆ. ಊರು ಬಿಡುವಾಗ ಅವರು ಸೋಫಾ ಒಯ್ದರು, ತಮ್ಮನ್ನು ಸಂಘಕ್ಕೆ ದಾನ ಕೊಟ್ಟರು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದೆಂದು ನಾವೂ ಸುಮ್ಮನಿದ್ದೆವು. ಎಣಿಸಹೊರಟಿದ್ದರೆ ಬಾಯೊಳಗಿನ ಹಲ್ಲುಗಳಲ್ಲದೆ ಗಂಟಲಿನಲ್ಲಿ ಇನ್ನೊಂದು ಜೊತೆ ದವಡೆಯೇ ಇದೆಯೆಂದು ಅಂದೇ ತಿಳಿಯುತ್ತಿತ್ತು. ತಮ್ಮ ಸಿಕ್ಲಿಡ್ ಕುಲದವರೆಲ್ಲರಿಗೂ ಈ ಸೌಲಭ್ಯವಿದೆಯಂತೆ: ಮುಂದಿನ ದವಡೆ ಹಿಡಿಯುವುದಕ್ಕೆ, ಹಿಂದಿನದು ಅರೆಯುವುದಕ್ಕೆ. ಮೊದಲ ವರ್ಷ ತಾವು ತಿಂಗಳಿಗೆ ಹೆಚ್ಚುಕಡಿಮೆ ಒಂದಂಗುಲ ಬೆಳೆದಿರಿ. ಈಗ ಒಂದಡಿಗೆ ಬಂದು ನಿಂತಿದ್ದೀರಿ.

ತಮ್ಮನ್ನು ತಪ್ಪಾಗಿ ತಿಳಿದವರು ನಾವೇ ಮೊದಲಿಗರಲ್ಲ ಎಂಬುದೊಂದು ಸಮಾಧಾನ. ಬ್ರೆಜಿಲ್‌ನಿಂದ ಯುರೋಪಿಗೆ ಹೋದ ಮಾದರಿಯನ್ನು ನೋಡಿ ತಮ್ಮ ಜಾತಿಗೆ ಮೊದಲ ಬಾರಿ ಶಾಸ್ತ್ರೀಯ ಹೆಸರಿಟ್ಟವರು ಲೂಯಿ ಅಗಾಸಿ, 1831ರಲ್ಲಿ. ಅಷ್ಟು ದೊಡ್ಡ ವಿದ್ವಾಂಸರೂ ತಮ್ಮನ್ನು ಕಡಲ ಮೀನೆಂದು ಎಣಿಸಿದ್ದರು. ಅಮೆಜಾನಿನ ನಿಧಾನ ಹರಿಯುವ ಸಿಹಿನೀರಿನವರು ತಾವು ಎಂಬುದು ಆಮೇಲೆ ಸರಿಹೋಯಿತು. ಬಾಲದ ಬುಡದಲ್ಲಿ ಕಿತ್ತಳೆ ಉಂಗುರದ ನಡುವೆ ಕಪ್ಪು ಚುಕ್ಕಿ ಇದೆಯಲ್ಲ, ಕಣ್ಣಿನ ಹಾಗೆ ಕಾಣುವುದು, ಅದನ್ನು ನೋಡಿ ರೆಕ್ಕೆ ಕಚ್ಚುವ ಪಿರಾನಾಗಳು ತಲೆ ಯಾವ ಕಡೆ ಎಂದು ತಬ್ಬಿಬ್ಬಾಗುತ್ತವೆ ಎಂದು ಒಂದು ಊಹೆ. ಅಂದರೆ ತಮ್ಮ ಮೂಲ ಊರಿನಲ್ಲಿ ತಾವೂ ಯಾರಿಗೋ ತಿಂಡಿಯೇ. ಈ ಅಂಶವನ್ನು ತಮ್ಮ ಪರವಾಗಿ ಬರೆದುಕೊಂಡಿದ್ದೇನೆ.

ಇನ್ನು ಟೆಟ್ರಾ ಪ್ರಕರಣ. ಸಮಿತಿಯ ವಾದ ಹೀಗಿತ್ತು: ನಿಯಾನ್ ಟೆಟ್ರಾ ಅಮೆಜಾನಿನದು, ಆಸ್ಕರ್ ಕೂಡ ಅಮೆಜಾನಿನದು, ಒಂದೇ ಸೀಮೆಯವರು, ಹೊಂದಿಕೊಂಡು ಹೋಗುತ್ತಾರೆ. ನಮ್ಮ ಎರಡೂ ಬ್ಲಾಕುಗಳಲ್ಲಿ ಒಂದೇ ತಾಲ್ಲೂಕಿನವರು ಪಾರ್ಕಿಂಗ್‌ಗಾಗಿ ಏನೇನು ಮಾಡಿಕೊಂಡಿದ್ದಾರೆಂದು ಗೊತ್ತಿದ್ದೂ ಈ ವಾದ ಮಂಡನೆಯಾಯಿತು. ಟೆಟ್ರಾ ಮೂರು ನಾಲ್ಕು ಸೆಂಟಿಮೀಟರಿನ, ಕಡ್ಡಿಯಷ್ಟು ತೆಳ್ಳಗಿನ ಜೀವಿ. ತಾವು ಕಚ್ಚಿ ತಿನ್ನುವವರಲ್ಲ. ದವಡೆ ಮುಂದೆ ಚಾಚಿ, ಬಾಯನ್ನು ಒಮ್ಮೆಲೇ ತೆರೆಯುತ್ತೀರಿ. ನೀರು ಒಳನುಗ್ಗುತ್ತದೆ, ನೀರಿನ ಜೊತೆ ಟೆಟ್ರಾನೂ ಬರುತ್ತದೆ. ಕೋಪ ತಾಪದ ಮಾತೇ ಇಲ್ಲ. ತಮಗೆ ಅದು ಉಸಿರಾಡಿದಷ್ಟು ಸಹಜ. ಹೊಟ್ಟೆ ತುಂಬಿತ್ತಲ್ಲ, ಸಂಜೆ ಅಷ್ಟೊಂದು ಪೆಲೆಟ್ ಹಾಕಿದ್ದೆನಲ್ಲ ಎಂದು ಸೆಕ್ಯುರಿಟಿಯವರು ಕೇಳಿದರು. ಬಾಯಿಗೆ ಹಿಡಿಸುವಂಥದ್ದು ಕಣ್ಣೆದುರು ಸುಳಿದಾಡುತ್ತಿದ್ದರೆ ಹಸಿವನ್ನು ಯಾರು ಕೇಳುತ್ತಾರೆ? ಮದುವೆ ಮನೆಯಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಂಡವರು ಈ ಪ್ರಶ್ನೆ ಎತ್ತಬಾರದು.

ವಿಚಾರಣೆಯಲ್ಲಿ ನನಗೆ ತಿಳಿದುಬಂದ ಮುಖ್ಯ ಸಂಗತಿಯೇ ಇದು. ಬೇಟೆಮೀನಿನ ಜೊತೆಗಾರರನ್ನು ಆರಿಸುವಾಗ ನಾವು ಸ್ವಭಾವದ ಮಾತಾಡುತ್ತೇವೆ: ಇದು ಸಾಧು, ಅದು ಜಗಳಗಂಟ, ಇದು ಸಂಕೋಚದ್ದು. ಬೇಟೆಮೀನು ನೋಡುವುದು ಅಳತೆಯನ್ನು. ತನ್ನ ಬಾಯಗಲಕ್ಕಿಂತ ಎದುರಿನವನ ಮೈ ಎತ್ತರ ಹೆಚ್ಚೋ ಕಡಿಮೆಯೋ, ಅಷ್ಟೇ ಲೆಕ್ಕ. ತುತ್ತಾಗುವ ಮೀನುಗಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಸ್ವೀಡನ್ನಿನ ಕೊಳಗಳಲ್ಲಿ ಕ್ರೂಷಿಯನ್ ಕಾರ್ಪ್ ಎಂಬ ಬಡಪಾಯಿ ಮೀನಿದೆ. ಅದೇ ನೀರಿನಲ್ಲಿ ಪೈಕ್ ಎಂಬ ಬೇಟೆಮೀನು ಇದ್ದರೆ, ಕಾರ್ಪಿನ ಮೈ ಉದ್ದಕ್ಕಿಂತ ಎತ್ತರಕ್ಕೆ ಹೆಚ್ಚು ಬೆಳೆದು, ಪೈಕಿನ ಬಾಯಲ್ಲಿ ಹಿಡಿಸದಷ್ಟು ಅಗಲವಾಗುತ್ತದೆ. ಪೈಕ್ ಇಲ್ಲದ ಕೊಳದಲ್ಲಿ ಅದೇ ಮೀನು ತೆಳ್ಳಗಿರುತ್ತದೆ. ಇದನ್ನು 1992ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿ ಮಾಡಿದರು. ನೆರೆಯವನ ಬಾಯನ್ನು ನೋಡಿಕೊಂಡು ತನ್ನ ಮೈಯನ್ನೇ ತಿದ್ದಿಕೊಳ್ಳುವ ಈ ಜಾಣತನಕ್ಕೆ ದಿನ ಬೇಕು. ನಮ್ಮ ಟೆಟ್ರಾಗಳಿಗೆ ಸಿಕ್ಕಿದ್ದು ಒಂದು ರಾತ್ರಿ. ಹಾಗಾಗಿ ಅವುಗಳ ಸಾವಿಗೆ ತಮ್ಮನ್ನು ಹೊಣೆ ಮಾಡದೆ, ಅಳತೆಪಟ್ಟಿ ಇಲ್ಲದೆ ಅಂಗಡಿಗೆ ಹೋದ ಉಪಸಮಿತಿಯನ್ನು ಹೊಣೆ ಮಾಡಬೇಕೆಂದು ಶಿಫಾರಸು ಮಾಡಿದ್ದೇನೆ. ಉಪಸಮಿತಿ ನನ್ನ ಮೇಲೆ ಸಿಟ್ಟಾಗಿದೆ.

ಅಂಗಡಿಯವರ ಹೇಳಿಕೆಯನ್ನೂ ಪಡೆದೆ. "ಚಿಕ್ಕದ್ರಿಂದ ಜೊತೇಲೇ ಬೆಳೆಸಿದ್ರೆ ಏನೂ ಮಾಡಲ್ಲ ಸಾರ್, ಅಭ್ಯಾಸ ಆಗಿಬಿಡುತ್ತೆ." ಈ ವಾಕ್ಯ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದ ಚೆನ್ನೈನ ಕೊಳತ್ತೂರಿನವರೆಗೆ ಒಂದಕ್ಷರ ಆಚೀಚೆಯಾಗದೆ ಕೇಳಿಬರುತ್ತದೆಂದು ಬಲ್ಲವರು ಹೇಳುತ್ತಾರೆ. ಮರಿಗಳಾಗಿದ್ದಾಗ ನಿಜವಾಗಿಯೂ ಏನೂ ಮಾಡುವುದಿಲ್ಲ, ಬಾಯಿ ಚಿಕ್ಕದಿರುತ್ತದಲ್ಲ. ತೊಂದರೆ ಇರುವುದು ಎಲ್ಲರೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ ಎಂಬುದರಲ್ಲಿ. ಒಂದೇ ದಿನ ತಂದ ಎರಡು ಮರಿಗಳಲ್ಲಿ ಒಂದು ಆರು ತಿಂಗಳಿಗೆ ಅಂಗೈಯಷ್ಟಾಗುತ್ತದೆ, ಇನ್ನೊಂದು ಬೆರಳಿನಷ್ಟೇ ಉಳಿಯುತ್ತದೆ. ಆ ಹೊತ್ತಿಗೆ ಅಭ್ಯಾಸ ಆಗಿರುವುದು ಒಂದಕ್ಕೇ.

ಟೆಟ್ರಾಗಳ ತಿಥಿ ಮುಗಿಯುವ ಮೊದಲೇ ಹೊಸ ಪ್ರಸ್ತಾವಗಳು ಬಂದವು. ಐದನೇ ಮಹಡಿಯ ವಾಸ್ತು ಬಲ್ಲ ಮಾವನವರದು ಅರೋವಾನಾ. ನೈಋತ್ಯಕ್ಕೋ ಈಶಾನ್ಯಕ್ಕೋ, ದಿಕ್ಕಿನ ಬಗ್ಗೆ ಇನ್ನೂ ಚರ್ಚೆ ನಡೆದಿದೆ, ಒಟ್ಟಿನಲ್ಲಿ ಅರೋವಾನಾ ಬಂದರೆ ಫ್ಲ್ಯಾಟುಗಳ ಬೆಲೆ ಏರುತ್ತದಂತೆ. ಏಷ್ಯಾದ ಅರೋವಾನಾ ಅಳಿವಿನಂಚಿನದೆಂದು ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ನೋಂದಾಯಿತ ಫಾರಂನಲ್ಲಿ ಹುಟ್ಟಿ, ಮೈಯಲ್ಲಿ ಮೈಕ್ರೋಚಿಪ್ಪು ಹೊತ್ತು, ಪತ್ರಗಳ ಸಮೇತ ಬಂದದ್ದನ್ನು ಮಾತ್ರ ದೇಶದಿಂದ ದೇಶಕ್ಕೆ ಮಾರಬಹುದು. ಖಜಾಂಚಿಗಳು ಬೆಲೆ ಕೇಳಿ ಕುರ್ಚಿ ಹಿಡಿದುಕೊಂಡರು. ಆಗ ಬೆಳ್ಳಿ ಅರೋವಾನಾ ಸಾಕು ಎಂದಾಯಿತು. ಇದೂ ಅಮೆಜಾನಿನದೇ, ತಮ್ಮ ಸೀಮೆಯದೇ. ಬೆಳೆದರೆ ಮೂರಡಿ. ತಮ್ಮ ಟ್ಯಾಂಕ್ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ. ಮೂರಡಿಯ ಮೀನು ಒಂದೂವರೆ ಅಡಿಯ ಓಣಿಯಲ್ಲಿ ತಿರುಗಬೇಕಾದರೆ ಬಾಲವನ್ನು ಮಡಚಿಕೊಳ್ಳಬೇಕು. ಮೇಲಾಗಿ ಅದು ಹಾರುತ್ತದೆ. ನೆರೆ ತುಂಬಿದ ಕಾಡಿನಲ್ಲಿ ನೀರಿಂದ ಚಿಮ್ಮಿ ಕೊಂಬೆಯ ಮೇಲಿನ ಹುಳುವನ್ನು ಹಿಡಿಯುವುದು ಅದರ ಕುಲಕಸುಬು. ನಮ್ಮ ಟ್ಯಾಂಕಿನ ಮುಚ್ಚಳ ಹೋದ ದೀಪಾವಳಿಯಿಂದ ಕಾಣುತ್ತಿಲ್ಲ.

ಮಾವನವರ ಬಳಿ ಇದಕ್ಕೂ ಉತ್ತರವಿತ್ತು. ಅರೋವಾನಾ ಸತ್ತರೆ ಯಜಮಾನನ ಕಂಟಕವನ್ನು ತನ್ನ ಮೇಲೆ ಹೊತ್ತುಕೊಂಡು ಹೋಯಿತೆಂದು ತಿಳಿಯಬೇಕಂತೆ. ಬದುಕಿದರೆ ಅದೃಷ್ಟ, ಸತ್ತರೆ ಇನ್ನೂ ದೊಡ್ಡ ಅದೃಷ್ಟ. ಲಿಫ್ಟ್ ಕಂಪನಿಯವರೂ ಇಂಥ ಗ್ಯಾರಂಟಿ ಕೊಟ್ಟಿಲ್ಲ. ಫ್ಲವರ್‌ಹಾರ್ನ್ ತರೋಣವೆಂದೂ ಅವರೇ ಎರಡನೇ ಆಯ್ಕೆ ಸೂಚಿಸಿದರು. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮನುಷ್ಯರೇ ಬೆರಕೆ ಮಾಡಿ ಹುಟ್ಟಿಸಿದ ಮೀನದು, ಹಣೆಯ ಮೇಲೆ ಬುಗುಟು. ಗಾಜಿನಲ್ಲಿ ತನ್ನ ಪ್ರತಿಬಿಂಬ ಕಂಡರೂ ಯುದ್ಧಕ್ಕೆ ನಿಲ್ಲುತ್ತದೆ. ಅದನ್ನು ಒಂಟಿಯಾಗಿಯೇ ಇಡಬೇಕು. ಈ ಅರ್ಜಿ ಅಲ್ಲಿಗೇ ಬಿದ್ದುಹೋಯಿತು.

ಖಜಾಂಚಿಗಳ ಆಯ್ಕೆ ಬೇರೆ. ಅವರಿಗೆ ಸಂಬಳವಿಲ್ಲದೆ ಕೆಲಸ ಮಾಡುವವರು ಬೇಕು. ಅಂಗಡಿಯಲ್ಲಿ ಟ್ಯಾಂಕ್ ಕ್ಲೀನರ್ ಎಂದು ಮಾರುವ ಸಕ್ಕರ್ ಮೀನು, ಗಾಜಿಗೆ ಬಾಯಿ ಅಂಟಿಸಿಕೊಂಡು ನೇತಾಡುವುದು, ಅದನ್ನೊಂದು ತಂದರೆ ತಿಂಗಳಿಗೊಮ್ಮೆ ಟ್ಯಾಂಕ್ ತೊಳೆಯುವವನಿಗೆ ಕೊಡುವ ದುಡ್ಡು ಉಳಿಯುತ್ತದೆಂದು ಲೆಕ್ಕ ಹಾಕಿದರು. ತಮ್ಮ ಸಹವಾಸಕ್ಕೆ ಇದು ಒಂದು ಮಟ್ಟಿಗೆ ಒಗ್ಗುವ ಪ್ರಾಣಿಯೇ. ಮೈಮೇಲೆ ಕವಚ, ರೆಕ್ಕೆಯಲ್ಲಿ ಸೆಟೆದು ನಿಲ್ಲುವ ಮುಳ್ಳು. ಆದರೆ ಅಂಗಡಿಯವರು ಹೇಳದ ಮಾತುಗಳಿವೆ. ಚಿಕ್ಕದನ್ನು ತಂದರೆ ತಾವು ನುಂಗಲು ನೋಡುತ್ತೀರಿ, ಮುಳ್ಳು ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ, ಆಗ ನುಂಗಿದವರೂ ಉಳಿಯುವುದಿಲ್ಲ, ನುಂಗಿಸಿಕೊಂಡವರೂ ಉಳಿಯುವುದಿಲ್ಲ. ದೊಡ್ಡದಾದರೆ ಅದು ಒಂದೂಕಾಲು ಅಡಿ ದಾಟುತ್ತದೆ. ಪಾಚಿ ಮುಗಿದು ಹಸಿವಾದಾಗ ರಾತ್ರಿ ಹೊತ್ತು ತಮ್ಮ ಮಗ್ಗುಲಿಗೆ ಬಾಯಿ ಹಚ್ಚಿ ಮೈಮೇಲಿನ ಲೋಳೆಯನ್ನೇ ಕೆರೆದು ತಿನ್ನುವುದೂ ಉಂಟು. ಕ್ಲೀನರ್ ಎಂಬ ಪದವಿಗೆ ತಕ್ಕಂತೆ ಅದು ಹಾಕುವ ಹೊಲಸೋ, ಅದನ್ನು ತೆಗೆಯಲು ಮತ್ತೊಬ್ಬ ಕ್ಲೀನರ್ ಬೇಕು. ಖಜಾಂಚಿಗಳಿಗೆ ಈ ವ್ಯವಸ್ಥೆ ಎಲ್ಲೋ ನೋಡಿದಂತಿದೆ ಅನ್ನಿಸಿತಂತೆ.

ಏಳನೇ ಮಹಡಿಯ ಜಿಮ್ ಹುಡುಗ ಮೊಬೈಲಿನಲ್ಲಿ ಚಿತ್ರ ತೋರಿಸಿದ. ರೆಡ್‌ಟೇಲ್ ಕ್ಯಾಟ್‌ಫಿಶ್, ಕೆಂಪು ಬಾಲ, ಬಿಳಿ ಹೊಟ್ಟೆ, ಬೆರಳುದ್ದದ ಮರಿ, ಮೀಸೆ ಅಲ್ಲಾಡಿಸುತ್ತ ನಗುತ್ತಿರುವ ಹಾಗಿತ್ತು. "ಕ್ಯೂಟ್ ಆಗಿದೆ ಅಂಕಲ್." ಕ್ಯೂಟ್ ಆಗಿದೆ, ನಿಜ. ಅಮೆಜಾನಿನಲ್ಲಿ ಅದು ಒಂದು ಮೀಟರ್ ದಾಟುತ್ತದೆ, ತೂಕದಲ್ಲಿ ಆಳಿನ ಹತ್ತಿರ ಹತ್ತಿರ ಬರುತ್ತದೆ. ಟ್ಯಾಂಕಿನಲ್ಲಿ ಕಲ್ಲು ನುಂಗುತ್ತದೆ, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ, ಒಂದು ದಿನ ತಮ್ಮನ್ನೂ ನುಂಗುತ್ತದೆ. ಬೇಟೆಮೀನಿಗೆ ಸಹವಾಸಿ ಹುಡುಕುವವರು ತಮ್ಮ ಮೀನು ಯಾರನ್ನು ತಿಂದೀತು ಎಂದಷ್ಟೇ ಯೋಚಿಸುತ್ತಾರೆ. ಬಂದವನು ಯಾರನ್ನು ತಿಂದಾನು ಎಂಬ ಪ್ರಶ್ನೆ ಆರು ತಿಂಗಳು ತಡವಾಗಿ ಏಳುತ್ತದೆ. ಹುಡುಗನ ಪಟ್ಟಿಯಲ್ಲಿ ಎರಡನೆಯದು ಅಲಿಗೇಟರ್ ಗಾರ್. ಉತ್ತರ ಅಮೆರಿಕದ ಮೊಸಳೆಮೂತಿಯ ಈ ಮೀನು ಎರಡು ಮೀಟರ್ ಮೀರಿ ಬೆಳೆಯುತ್ತದೆ. 2011ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಸಿಕ್ಕ ಒಂದು ಎಂಟಡಿ ಐದು ಅಂಗುಲ ಇತ್ತು, ತೂಕ 148 ಕಿಲೋ. ನಮ್ಮ ಲಿಫ್ಟಿನಲ್ಲಿ ಇಬ್ಬರ ಜಾಗ.

ದೊಡ್ಡದಾದರೆ ಏನು ಮಾಡುತ್ತೀಯಪ್ಪ ಎಂದು ಕೇಳಿದೆ. "ಕೆರೆಗೆ ಬಿಟ್ಟುಬಿಡೋಣ ಅಂಕಲ್, ಪಾಪ, ಸ್ವಾತಂತ್ರ್ಯ."

ಆಸ್ಕರ್ ಅವರೆ, ಇಡೀ ಸಭೆಯಲ್ಲಿ ಚಪ್ಪಾಳೆ ಬಿದ್ದದ್ದು ಈ ಒಂದು ಮಾತಿಗೆ. ಭೂತದಯೆಯ ಈ ಮಾರ್ಗದಲ್ಲಿ ನಮಗಿಂತ ಮುಂಚೆ ನಡೆದವರು ಬಹಳ ಜನ. 2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರ ಶುಚಿ ಮಾಡುತ್ತಿದ್ದವರ ಕೈಗೆ ಅಲಿಗೇಟರ್ ಗಾರ್ ಸಿಕ್ಕಿತು. ಮಿಸಿಸಿಪ್ಪಿಯಿಂದ ಅದು ನಡೆದು ಬಂದಿರಲಾರದು. 2018ರ ಮಹಾಮಳೆಯ ನಂತರ ಕೇರಳದ ಹೊಳೆಗಳಲ್ಲಿ ಬಲೆ ಬೀಸಿದವರಿಗೆ ಅಮೆಜಾನಿನ ಅರಪೈಮಾ ಸಿಕ್ಕಿತು. ಯಾರದೋ ಕೊಳ ಒಡೆದಿತ್ತು, ಯಾರದೋ ತೊಟ್ಟಿ ತುಂಬಿ ಹರಿದಿತ್ತು. ಖಜಾಂಚಿಗಳ ಸಕ್ಕರ್ ಮೀನಂತೂ ದಕ್ಷಿಣ ಭಾರತದ ಕೆರೆ ಹೊಳೆಗಳಲ್ಲಿ ಮನೆ ಮಾಡಿಕೊಂಡಾಗಿದೆ. ಅದರ ಮುಳ್ಳಿಗೆ ಬಲೆ ಹರಿಯುತ್ತದೆ, ಮಾರಿದರೆ ಯಾರೂ ಕೊಳ್ಳುವುದಿಲ್ಲ, ದಡಕ್ಕೆ ಎಸೆದರೆ ಗಂಟೆಗಟ್ಟಲೆ ಸಾಯುವುದಿಲ್ಲ. ಆಂಧ್ರದಲ್ಲಿ ಅದಕ್ಕೆ ದೆವ್ವದ ಮೀನೆಂದೇ ಹೆಸರು ಬಿದ್ದಿದೆ. ಪನಾಮಾದ ಗಾಟುನ್ ಸರೋವರದ ಕತೆ ಇನ್ನೂ ಹಳೆಯದು. 1967ರ ಸುಮಾರಿಗೆ ಅಲ್ಲಿಗೆ ಪೀಕಾಕ್ ಬಾಸ್ ನುಸುಳಿತು. ತಮ್ಮ ದೊಡ್ಡಪ್ಪನ ಮಗ ಎನ್ನಬಹುದು, ಸಿಕ್ಲಿಡ್ಡೇ. ಕೆಲವೇ ವರ್ಷಗಳಲ್ಲಿ ಅಲ್ಲಿ ಹೇರಳವಾಗಿದ್ದ ಎಂಟು ಜಾತಿಯ ಮೀನುಗಳಲ್ಲಿ ಆರು ಕಾಣೆಯಾದವೆಂದು 1973ರಲ್ಲಿ ಥಾಮಸ್ ಜ಼ಾರೆಟ್ ಮತ್ತು ರಾಬರ್ಟ್ ಪೇನ್ ಬರೆದರು. ಟ್ಯಾಂಕಿನಲ್ಲಿ ಹೊಂದಿಕೆಯಾಗದವನನ್ನು ಕೆರೆಗೆ ಬಿಟ್ಟರೆ ಅಲ್ಲಿ ಹೊಂದಿಕೊಳ್ಳುತ್ತಾನೆ ಎಂಬುದು ನಮ್ಮ ನಂಬಿಕೆ. ಹೊಂದಿಕೊಳ್ಳುತ್ತಾನೆ, ಸಂದೇಹ ಬೇಡ. ಉಳಿದವರು ಹೋಗುತ್ತಾರೆ, ಅಷ್ಟೆ. ನಮ್ಮ ಕೆರೆಗಳಲ್ಲಿ ಸಣ್ಣಪುಟ್ಟ ಮೀನು ನುಂಗುವ ಕೆಲಸಕ್ಕೆ ಕೊರವ ಮೀನು ತಲೆಮಾರುಗಳಿಂದ ನೇಮಕಗೊಂಡಿದೆ. ಹೊರಗಿನವರ ಅರ್ಜಿ ಕರೆದಿಲ್ಲ. ಹುಡುಗನಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ಅಂಗಡಿಗೇ ವಾಪಸ್ ಕೊಡ್ಬಹುದಲ್ವಾ" ಅಂದ. ಎರಡಡಿ ಬೆಳೆದ ಮೇಲೆ ಅಂಗಡಿಯವರ ಫೋನ್ ನಾಟ್ ರೀಚಬಲ್ ಆಗಿರುತ್ತದೆ.

ಮಕ್ಕಳ ಗುಂಪು ಗೋಲ್ಡ್‌ಫಿಶ್ ಕೇಳಿತು. ಗೆಳೆಯನಾಗಿರಲಿ ಎಂದು ಹುಡುಗಿಯರು, ತಮ್ಮ ಊಟದ ದೃಶ್ಯ ವಿಡಿಯೋ ಮಾಡೋಣವೆಂದು ಹುಡುಗರು. ಎರಡೂ ಕಡೆಯವರಿಗೆ ಒಂದೇ ಉತ್ತರ ಕೊಟ್ಟೆ. ಗೋಲ್ಡ್‌ಫಿಶ್ ತಣ್ಣನೆಯ ನೀರಿನ ಪ್ರಾಣಿ, ತಮಗೆ 25ರಿಂದ 28 ಡಿಗ್ರಿ ಬೇಕು, ಸಹವಾಸ ಅಲ್ಲಿಯೇ ಕೆಟ್ಟಿತು. ಇನ್ನು ಊಟವಾಗಿ ಕೊಟ್ಟರೆ, ಅದರ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ದಿನವೂ ಅದನ್ನೇ ತಿಂದವರ ಮೈಯಲ್ಲಿ ಬಿ1 ಜೀವಸತ್ವ ಉಳಿಯುವುದಿಲ್ಲ. ಒಂದೇ ತೊಟ್ಟಿಯಲ್ಲಿ ನೂರಾರು ತುಂಬಿಸಿಟ್ಟ ಮೀನಿನ ಜೊತೆ ರೋಗಗಳೂ ಉಚಿತ. ಬೇಟೆಮೀನಿಗೆ ಬದುಕಿದ್ದನ್ನೇ ಹಾಕಬೇಕೆಂಬುದು ಮೀನಿನ ಅಗತ್ಯಕ್ಕಿಂತ ನೋಡುವವರ ಚಪಲ.

ಈ ಹಂತದಲ್ಲಿ ಅಜ್ಜಿ, ತಮ್ಮನ್ನು ಸಸ್ಯಾಹಾರಕ್ಕೆ ತಿರುಗಿಸಬಾರದೇಕೆ ಎಂದರು. ಎಲ್ಲರೂ ನಕ್ಕರು, ನಾನು ನಗಲಿಲ್ಲ. ತಾವು ಕಾಡಿನಲ್ಲಿ ಹುಳುಹುಪ್ಪಟೆ, ಸಿಗಡಿ, ಬಸವನಹುಳು, ಸಣ್ಣ ಮೀನಿನ ಜೊತೆ ನೀರಿಗೆ ಬಿದ್ದ ಹಣ್ಣನ್ನೂ ತಿನ್ನುವವರೆಂದು ಓದಿದ್ದೇನೆ. ಸಿಪ್ಪೆ ಸುಲಿದು ಬೇಯಿಸಿದ ಬಟಾಣಿಯನ್ನು ಅಜ್ಜಿ ಹಾಕಿದಾಗ ತಾವು ಎರಡು ಉಗುಳಿ ಮೂರನೆಯದನ್ನು ನುಂಗಿದ್ದಕ್ಕೆ ಲಾಬಿಯಲ್ಲಿದ್ದ ಆರು ಮಂದಿ ಸಾಕ್ಷಿ. ದೊಡ್ಡ ಮೀನಿಗೆ ವಾರಕ್ಕೊಂದು ದಿನ ಊಟ ತಪ್ಪಿಸಿದರೆ ಒಳ್ಳೆಯದೆಂದು ಸಾಕುವವರು ಹೇಳುತ್ತಾರೆ ಎಂದು ನಾನು ಹೇಳಿದ್ದೇ ತಡ, ಅಜ್ಜಿ ಪಂಚಾಂಗ ತಂದರು. ಅಂದಿನಿಂದ ತಾವು ಏಕಾದಶಿ ಮಾಡುತ್ತಿದ್ದೀರಿ. ವಾರಕ್ಕೊಮ್ಮೆ ಬರುವ ಏಕಾದಶಿ ಯಾವ ಪಂಚಾಂಗದ್ದು ಎಂದು ಕೇಳುವ ಧೈರ್ಯ ನನಗಿಲ್ಲ.

ಮದುವೆಯ ಪ್ರಸ್ತಾವವೂ ಬಂತು, ಬರದೆ ಇದ್ದೀತೆ? ಹೆಣ್ಣು ಆಸ್ಕರ್ ಒಂದು ತರೋಣವೆಂದರು. ತಾವು ಗಂಡೆಂದು ಯಾರು ಹೇಳಿದರು ಎಂದು ಕೇಳಿದೆ. ಹೊರಗಿನಿಂದ ನೋಡಿ ತಮ್ಮ ಜಾತಿಯಲ್ಲಿ ಗಂಡು ಹೆಣ್ಣು ಹೇಳಲಾಗುವುದಿಲ್ಲ. ಅರ್ಧ ಡಜನ್ ಮರಿಗಳನ್ನು ಒಟ್ಟಿಗೆ ಬೆಳೆಸಿ, ಅವೇ ಜೊತೆ ಆರಿಸಿಕೊಳ್ಳಲು ಬಿಟ್ಟು, ಉಳಿದವನ್ನು ಬೇರೆ ಕಡೆ ಸಾಗಿಸುವುದು ಮರಿ ಮಾಡಿಸುವವರ ಪದ್ಧತಿ. ನಾವು ಆರಿಸಿ ತಂದವರನ್ನು ತಾವು ಒಪ್ಪದಿದ್ದರೆ ದವಡೆಗೆ ದವಡೆ ಹಿಡಿದು ಹೊಡೆದಾಡುತ್ತೀರಿ, ನಾಲ್ಕಡಿಯಲ್ಲಿ ಸೋತವರಿಗೆ ಓಡಲು ಜಾಗವಿಲ್ಲ. ಒಪ್ಪಿದರೆ ಇನ್ನೂ ಕಷ್ಟ: ಮೊಟ್ಟೆ ಸಾವಿರದ ಮೇಲೆ.

ಹಾಗಾದರೆ ತಮಗೆ ಹೊಂದುವವರು ಯಾರೂ ಇಲ್ಲವೇ? ಇದ್ದಾರೆ. ನನಗೆ ಹಿಡಿಸಿದ್ದು ಸಿಲ್ವರ್ ಡಾಲರ್. ದಕ್ಷಿಣ ಅಮೆರಿಕದ್ದೇ, ಪಿರಾನಾಗಳಿಗೆ ದಾಯಾದಿ, ಆದರೆ ಸೊಪ್ಪು ತಿನ್ನುವ ಮೀನು. ಅಂಗೈಯಗಲದ ದುಂಡು ತಟ್ಟೆ, ಚುರುಕು, ಐದಾರು ಒಟ್ಟಿಗಿದ್ದರೆ ಅಂಜಿಕೆಯಿಲ್ಲ. ಆ ತಟ್ಟೆ ಆಕಾರವೇ ಅದಕ್ಕೆ ರಕ್ಷೆ, ತಮ್ಮ ಬಾಯೊಳಗೆ ಹೋಗುವುದಿಲ್ಲ. ಹೆಸರಿಗೆ ತಕ್ಕಂತೆ ನಾಣ್ಯದಷ್ಟಿರುವ ಮರಿ ತಂದರೆ ಮಾತ್ರ ಹೋಗುತ್ತದೆ. ಬೆಳೆದದ್ದನ್ನೇ ತರಬೇಕು, ಬೆಲೆ ಹೆಚ್ಚು. ಟ್ಯಾಂಕಿನಲ್ಲಿ ಗಿಡಗಳಿದ್ದರೆ ಅದು ಮೇಯ್ದು ಮುಗಿಸುತ್ತದೆ ಎಂಬ ಆಕ್ಷೇಪವಿದೆ. ತಾವು ಈಗಾಗಲೇ ಎಲ್ಲ ಗಿಡಗಳನ್ನೂ ಕಿತ್ತು ತೇಲಿಬಿಟ್ಟಿರುವುದರಿಂದ ಆ ಆಕ್ಷೇಪ ಊರ್ಜಿತವಲ್ಲ. ಆಫ್ರಿಕಾದ ಬಿಷಿರ್ ಕೂಡ ಆಗಬಹುದು. ಹಾವಿನಂತೆ ಉದ್ದ, ಗಟ್ಟಿ ಹುರುಪೆ, ತಳದಲ್ಲೇ ಓಡಾಟ, ಶ್ವಾಸಕೋಶವಿರುವುದರಿಂದ ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುತ್ತದೆ. ಕಣ್ಣು ಮಂದ, ಮೂಗು ಚುರುಕು; ತಾವು ಊಟ ಬಿದ್ದ ಕ್ಷಣ ಎಲ್ಲ ಬಾಚಿಕೊಳ್ಳುವವರಾದ್ದರಿಂದ ದೀಪ ಆರಿಸಿದ ಮೇಲೆ ಅದಕ್ಕೆ ಬೇರೆ ಎಲೆ ಹಾಕಬೇಕು. ಒಂದು ಗೇಣು ಮೀರಿದ್ದನ್ನೇ ತರಬೇಕೆಂಬ ನಿಯಮ ಇಲ್ಲಿಯೂ ಉಂಟು. ತೆಳ್ಳಗಿನವರ ವಿಷಯದಲ್ಲಿ ತಮ್ಮ ದಾಖಲೆ ಚೆನ್ನಾಗಿಲ್ಲ.

ಹೊಸಬರನ್ನು ಬಿಡುವ ದಿನ ಒಳಗಿನ ಕಲ್ಲು, ಮರದ ಬೇರು ಎಲ್ಲವನ್ನೂ ಸ್ಥಳ ಬದಲಿಸಿ ಇಡಬೇಕಂತೆ. ಹಳೆಯ ಗಡಿಗಳೆಲ್ಲ ರದ್ದಾಗಿ ತಾವೂ ಹೊಸಬರಂತೆ ಕಕ್ಕಾಬಿಕ್ಕಿಯಾಗಿ ಕೆಲ ಹೊತ್ತು ಸುಮ್ಮನಿರುತ್ತೀರಿ. ಬೇಸ್‌ಮೆಂಟಿನಲ್ಲಿ ಕಾರುಗಳಿಗೂ ಈ ಪ್ರಯೋಗ ಮಾಡಬೇಕೆಂಬ ಯೋಚನೆ ನನಗಿದೆ.

ಆದರೆ ಇವರನ್ನು ಇಡುವುದೆಲ್ಲಿ? ತಮ್ಮ ಈಗಿನ ಟ್ಯಾಂಕ್ ಸುಮಾರು 255 ಲೀಟರು. ಬೆಳೆದ ಒಬ್ಬ ಆಸ್ಕರನಿಗೆ 280 ಲೀಟರಾದರೂ ಬೇಕೆಂಬುದು ಸಾಕುವವರಲ್ಲಿ ರೂಢಿಯ ಲೆಕ್ಕ. ಜೊತೆ ಹುಡುಕುವ ಮಾತು ಹಾಗಿರಲಿ, ಒಬ್ಬರಿಗೇ ಜಾಗ ಸಾಲದು ಎಂದಾಯಿತು. ತಮ್ಮದು ಪ್ರೋಟೀನಿನ ಊಟ, ಅಷ್ಟೇ ಅಮೋನಿಯಾ. ಫಿಲ್ಟರಿನೊಳಗೆ ಮನೆ ಮಾಡಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಮತ್ತೆ ನೈಟ್ರೇಟ್ ಮಾಡಿ ತಮ್ಮನ್ನು ಬದುಕಿಸಿವೆ. ಆ ನೈಟ್ರೇಟನ್ನು ಹೊರಹಾಕಲು ವಾರಕ್ಕೆ ಕಾಲುಭಾಗ ನೀರು ಬದಲಿಸಬೇಕು. ಕಾವೇರಿ ನೀರಾದರೆ ಕ್ಲೋರಿನ್ ಇರುತ್ತದೆ, ಆ್ಯಂಟಿ ಕ್ಲೋರಿನ್ ಹಾಕದೆ ಬಿಡುವಂತಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಸಾರಿದಾಗ, ವಾರಕ್ಕೆ ಅರವತ್ತು ಲೀಟರ್ ತಮ್ಮ ಹೆಸರಿನಲ್ಲಿ ಖರ್ಚಾಗುವುದನ್ನು ಖಜಾಂಚಿಗಳು ಎತ್ತಿ ಆಡಿದರು. ಆ ನೀರು ಅಜ್ಜಿಯ ಕುಂಡಗಳಿಗೆ ಹೋಗುತ್ತದೆ, ಅವರ ದಾಸವಾಳ ನೋಡಿ ಬನ್ನಿ ಎಂದೆ. ನೋಡಿ ಬಂದರು, ಒಂದು ರೆಂಬೆಯನ್ನೂ ಕೇಳಿಕೊಂಡು ಬಂದರು.

ತಮಗೂ ಐದಾರು ಸಿಲ್ವರ್ ಡಾಲರಿಗೂ ಆಗುವಂಥದ್ದು ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್. ಸುಮಾರು 680 ಲೀಟರು, ಅಂದರೆ ನೀರೊಂದೇ 680 ಕಿಲೋ. ಕೆಳಗೆ ಬೇಸ್‌ಮೆಂಟ್ ಇರುವುದರಿಂದ ಇಂಜಿನಿಯರ್ ಬಂದು ನೋಡಬೇಕು. ಫಿಲ್ಟರ್, ಸ್ಟ್ಯಾಂಡು, ಈ ಸಲ ಕಳೆಯದಂಥ ಮುಚ್ಚಳ, ಎಲ್ಲ ಸೇರಿಸಿ ಅಂದಾಜು ಪಟ್ಟಿ ಇಟ್ಟೆ. ಸಭೆಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ವಾಸ್ತು ಮಾವನವರು, ಟ್ಯಾಂಕ್ ಇದ್ದಷ್ಟೇ ಇರಲಿ, ಇನ್ನೂ ಚಿಕ್ಕ ಮೀನು ಯಾವುದಾದರೂ ಸಿಗುತ್ತದೋ ನೋಡಿ ಎಂದರು. ಜಿಮ್ ಹುಡುಗ ಫೋನ್ ತೆಗೆದು ಹುಡುಕತೊಡಗಿದ. ಬಜೆಟ್ಟನ್ನು ಲಿಫ್ಟ್ ರಿಪೇರಿ ಮುಗಿಯುವವರೆಗೆ ಮುಂದೂಡಲಾಗಿದೆ. ಲಿಫ್ಟ್ ರಿಪೇರಿಯ ಚರಿತ್ರೆ ಬಲ್ಲ ನಾನು ತಮಗೆ ಹೇಳಬಹುದಾದದ್ದು ಇಷ್ಟೇ: ಅಲ್ಲಿಯವರೆಗೆ ತಾವು ಒಬ್ಬರೇ ಇರುತ್ತೀರಿ. ನಡಾವಳಿಯಲ್ಲಿ ಇದನ್ನು "ಸೂಕ್ತ ಸಹವಾಸಿಗಳು ದೊರೆಯದ ಕಾರಣ" ಎಂದು ಬರೆದಿದ್ದೇನೆ.

ಇಂತಿ ತಮ್ಮ ವಿಧೇಯ,
ಕಾರ್ಯದರ್ಶಿ,
ನಿವಾಸಿಗಳ ಸಂಘ

ವಿ.ಸೂ.: ಜಿಮ್ ಹುಡುಗ ಶನಿವಾರ ಪ್ಲಾಸ್ಟಿಕ್ ಚೀಲ ಹಿಡಿದು ಲಾಬಿಯಲ್ಲಿ ಸುಳಿದಾಡಿದ್ದನ್ನು ಸೆಕ್ಯುರಿಟಿಯವರು ಕಂಡು ತಡೆದಿದ್ದಾರೆ. ಚೀಲದಲ್ಲಿ ಎರಡು ಏಂಜೆಲ್ ಫಿಶ್ ಇದ್ದವು. ಅವನ್ನು ಸದ್ಯಕ್ಕೆ ಅಜ್ಜಿಯ ಮನೆಯ ಬಕೆಟ್ಟಿನಲ್ಲಿ ಇಟ್ಟು ಏರ್ ಪಂಪ್ ಹಾಕಿದ್ದೇವೆ. ತಮ್ಮ ಏರ್ ಪಂಪನ್ನು ಅದಕ್ಕಾಗಿ ಒಂದು ದಿನದ ಮಟ್ಟಿಗೆ ಎರವಲು ಪಡೆದಿರುವುದಕ್ಕೆ ಕ್ಷಮೆಯಿರಲಿ.